ಅಪ್‌ಡೇಟ್: ಮೇಲ್ ಸರ್ವರ್‌ಗೆ ಹಾಕಿದ ದುಡ್ಡು ವಾಪಸ್ ಬರುತ್ತದಾ?

ಪೀಣ್ಯದ ನಮ್ಮ ಆಫೀಸಿನ ಎಕ್ಸ್‌ಚೇಂಜ್ 2016 (ಮೈಕ್ರೋಸಾಫ್ಟ್‌ನ ಇಮೇಲ್ ಸಾಫ್ಟ್‌ವೇರ್) ಸರ್ವರ್ ಅಪ್‌ಗ್ರೇಡ್ ಮಾಡಿದರೆ ಲಾಭ ಇದೆಯಾ ಅಂತ ಇಲ್ಲಿ ಹಿಂದೆ ಕೇಳಿದ್ದೆ. ಕೊನೆಗೆ ಹೊಸ ಸರ್ವರ್ ಕೊಳ್ಳಲಿಲ್ಲ, ಮೈಕ್ರೋಸಾಫ್ಟ್ ತನ್ನ ಸರ್ವರ್‌ಗಳಲ್ಲೇ ನಡೆಸುವ ಎಕ್ಸ್‌ಚೇಂಜ್ ಆನ್‌ಲೈನ್‌ಗೆ ಹೋದೆವು.

ಕೆಲಸಕ್ಕೆ ಬಂದಿದ್ದು "ಮೂರು ವರ್ಷದ ಪೂರ್ತಿ ಖರ್ಚು ಬರೆಯಿರಿ" ಅಂದವರ ಸಲಹೆ, ಅವರಿಗೆ ತುಂಬಾ ಥ್ಯಾಂಕ್ಸ್. ಲೈಸೆನ್ಸ್, ಡಿಸ್ಕ್ ಮಾತ್ರ ಅಲ್ಲ, ಯುಪಿಎಸ್ ಬ್ಯಾಟರಿ, ಬ್ಯಾಕಪ್, ಕರೆಂಟ್ ಬಿಲ್, ಸರ್ವರ್ ನಿಂತಾಗ ಸೇಲ್ಸ್‌ನವರು ಕೊಟೇಶನ್ ಕಳಿಸಲಾಗದೆ ಸುಮ್ನೆ ಕೂತ ಗಂಟೆಗಳು, ಎಲ್ಲಾ ಸೇರಿಸಿದ ಮೇಲೆ ಮಾಲೀಕರು ತಕ್ಷಣ ಒಪ್ಪಿದರು. ರೆಡಿಮೇಡ್ ಆರ್‌ಒಐ (ಹಾಕಿದ ದುಡ್ಡಿಗೆ ಎಷ್ಟು ಲಾಭ) ಕ್ಯಾಲ್ಕ್ಯುಲೇಟರ್ ಉಪಯೋಗಕ್ಕೆ ಬರಲಿಲ್ಲ. ಪ್ರತಿಯೊಬ್ಬರಿಗೂ ದಿನಾ ಇಷ್ಟು ಸಮಯ ಉಳಿಯುತ್ತದೆ ಅಂತ ಅದೇ ಊಹಿಸಿಕೊಳ್ಳುತ್ತದೆ, ಆ ಉಳಿತಾಯ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ ಅಲ್ವಾ. "ಇನ್ನೊಂದು ವರ್ಷ ಹಾಗೇ ಓಡಿಸಿ" ಅನ್ನುವುದೂ ಆಗಲಿಲ್ಲ, ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನನಗೆ ಗೊತ್ತೇ ಇರದಿದ್ದ ವಿಷಯ: ಸೇಲ್ಸ್, ಅಕೌಂಟ್ಸ್ ತರಹದ ಸಾಮಾನ್ಯ ವಿಳಾಸಗಳನ್ನು ಶೇರ್ಡ್ ಮೇಲ್‌ಬಾಕ್ಸ್ (ಹಲವರು ಸೇರಿ ಬಳಸುವ ಬಾಕ್ಸ್) ಮಾಡಿದರೆ 50 ಜಿಬಿವರೆಗೆ ಬೇರೆ ಲೈಸೆನ್ಸ್ ಬೇಡ. ಕೆಲಸ ಬಿಟ್ಟವರ ಹಳೆ ಬಾಕ್ಸ್‌ಗಳೂ ಹಾಗೇ. ಖರ್ಚು ಜಾಸ್ತಿ ಇಳಿದಿದ್ದು ಇಲ್ಲೇ. ಹೀಗೆ ಬದಲಾಯಿಸುವವರು ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜವಾಗಿ ನಿಮ್ಮ ಕಡೆಯಿಂದಲೇ ಬಂದಿದ್ದು ಅಂತ ತೋರಿಸುವ ಸೆಟ್ಟಿಂಗ್‌ಗಳು) ಮೊದಲೇ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಇನ್‌ವಾಯ್ಸ್ ಗ್ರಾಹಕರ ಸ್ಪ್ಯಾಮ್‌ಗೆ ಬೀಳಬಹುದು.