ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಒತ್ತಡ: ಕೇಬಲಿಗೆ ಕೈ ಹಾಕುವ ಮೊದಲು

ಮುಳ್ಳೇರಿಯಾದಿಂದ ಬಂದ ಪ್ರಶ್ನೆ:

ನಮ್ಮಲ್ಲಿರುವುದು ನಾಲ್ಕು ಗೇರಿನ, ಥ್ರಾಟಲ್ ಕೇಬಲ್ ಇರುವ ಹಳೆಯ ಆಟೋಮ್ಯಾಟಿಕ್ ಕಾರು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ, ಎರಡರಿಂದ ಮೂರನೆಯ ಗೇರಿಗೆ ಬದಲಾಗುವ ಹೊತ್ತಿನಲ್ಲಿ ಎಂಜಿನ್ ಒಮ್ಮೆ ಕೂಗಿ, ಆಮೇಲಷ್ಟೇ ಗೇರು ಹಿಡಿಯುತ್ತದೆ. ಕೇಬಲನ್ನು ಎರಡು ಸುತ್ತು ಬಿಗಿ ಮಾಡಿದರೆ ಆಯಿಲ್ ಒತ್ತಡ ಹೆಚ್ಚಿ ಎಲ್ಲ ಸರಿಯಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಬದಿಯಡ್ಕದ ಮೆಕ್ಯಾನಿಕ್ ಒಬ್ಬರ ಉತ್ತರ:

ಬಿಗಿ ಮಾಡಿದರೆ ಒತ್ತಡ ಹೆಚ್ಚುವುದು ನಿಜ. ನೀವು ಆಕ್ಸಿಲರೇಟರ್ ತುಳಿದಾಗ ಆ ಕೇಬಲ್ ಗೇರ್‌ಬಾಕ್ಸಿನೊಳಗಿನ ವಾಲ್ವ್ ಬಾಡಿಯಲ್ಲಿ (ಆಯಿಲಿನ ದಾರಿಗಳೂ ವಾಲ್ವುಗಳೂ ಇರುವ ಲೋಹದ ಭಾಗ) ಇರುವ ಥ್ರಾಟಲ್ ವಾಲ್ವನ್ನು ಒತ್ತುತ್ತದೆ; ಅಲ್ಲಿಂದ ಹೊರಟ ಒತ್ತಡವು ರೆಗ್ಯುಲೇಟರ್ ವಾಲ್ವಿಗೆ ತಲಪಿ, ಎಂಜಿನ್ ಎಷ್ಟು ಎಳೆಯುತ್ತಿದೆಯೋ ಅಷ್ಟಕ್ಕೆ ತಕ್ಕಂತೆ ಕ್ಲಚ್ ಪ್ಲೇಟುಗಳನ್ನು ಅದುಮುವ ಆಯಿಲಿನ ಒತ್ತಡವನ್ನು ಏರಿಸುತ್ತದೆ. ಕೇಬಲ್ ಸಡಿಲವಾದರೆ ಪ್ಲೇಟು ಜಾರಿ ಸುಡುತ್ತದೆ, ಅತಿಯಾಗಿ ಬಿಗಿಯಾದರೆ ಗೇರು ಧಡಕ್ಕೆಂದು ಬೀಳುತ್ತದೆ. ಆದರೆ ಅಡಿಕೆಗೆ ಮದ್ದು ಬಿಡುವ ಪಂಪಿನ ವಾಷರು ಸವೆದಿದ್ದರೆ ಪ್ರೆಶರ್ ಸ್ಕ್ರೂ ಎಷ್ಟು ತಿರುಗಿಸಿದರೂ ಮದ್ದು ಗೊನೆಗೆ ತಲಪದು. ಇಲ್ಲಿಯೂ ಒತ್ತಡ ಏಕೆ ಬಿದ್ದಿದೆ ಎಂದು ತಿಳಿಯದೆ ಸ್ಪ್ಯಾನರ್ ಹಿಡಿಯಬಾರದು.

ಮೊದಲು ಆಯಿಲ್ ನೋಡಿ. ಸಮತಟ್ಟಾದ ಜಾಗದಲ್ಲಿ ಬಿಸಿಯಾದ ಎಂಜಿನ್ ಓಡುತ್ತಿರುವಾಗಲೇ, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಪಿ (ಪಾರ್ಕಿಂಗ್) ಗೆ ತಂದು, ಡಿಪ್‌ಸ್ಟಿಕ್ ಎಳೆಯಬೇಕು. ಕೆಂಪಿದ್ದ ಆಯಿಲ್ ಕಂದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಪ್ಲೇಟುಗಳು ಆಗಲೇ ಸವೆದಿವೆ ಎಂದರ್ಥ.

ಆಮೇಲೆ ಕೇಬಲ್. ಎಂಜಿನ್ ನಿಲ್ಲಿಸಿದ ಮೇಲೆ ಒಳಗೆ ಒಬ್ಬರು ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ತುಳಿದು ಹಿಡಿಯಲಿ. ಬಾನೆಟ್ಟಿನ ಕೆಳಗೆ ಥ್ರಾಟಲ್ (ಎಂಜಿನಿಗೆ ಗಾಳಿ ಬಿಡುವ ಬಾಗಿಲು) ಪೂರ್ಣ ತೆರೆದಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಟೊಯೋಟಾದ ಈ ಬಗೆಯ ಗೇರ್‌ಬಾಕ್ಸುಗಳಲ್ಲಿ ಕೇಬಲಿನ ರಬ್ಬರ್ ಬೂಟಿನ ತುದಿಗೂ ತಂತಿಯ ಮೇಲೆ ಕಚ್ಚಿಸಿರುವ ಸಣ್ಣ ಲೋಹದ ಗುಂಡಿಗೂ ನಡುವೆ ಆಗ 0ರಿಂದ 1 ಮಿಲಿಮೀಟರ್ ಅಂತರವಿರಬೇಕು. ನಿಮ್ಮ ಕಾರಿಗೆ ಅದರದೇ ಮ್ಯಾನುವಲ್ ನೋಡಿ. ಅಳತೆ ತಪ್ಪಿದ್ದರೆ ಲಾಕ್ ನಟ್ ಸಡಿಲಿಸಿ ಸರಿಪಡಿಸಿ. ಅಳತೆ ಸರಿಯಿದ್ದೂ ಗೇರು ಜಾರುತ್ತಿದ್ದರೆ ಆ ಎರಡು ಸುತ್ತಿನ ಸಲಹೆ ಕಾಯಿಲೆಯನ್ನು ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ.

ಕೊನೆಯ ಮಾತು ಮೀಟರಿನದು. ಗೇರ್‌ಬಾಕ್ಸಿನ ಮೈಮೇಲೆ ಒತ್ತಡ ಅಳೆಯಲೆಂದೇ ಒಂದು ಪ್ಲಗ್ ಇರುತ್ತದೆ; ಅದನ್ನು ಬಿಚ್ಚಿ 300 ಪಿಎಸ್‌ಐ ತನಕ ಅಳೆಯಬಲ್ಲ ಮೀಟರನ್ನು ಗಟ್ಟಿ ಹೋಸಿನಲ್ಲಿ ಜೋಡಿಸಬೇಕು. ಟಯರಿಗೆ ಗಾಳಿ ನೋಡುವ ಮೀಟರು ಇದಕ್ಕೆ ನಡೆಯದು. ಆಯಿಲ್ 50ರಿಂದ 80 ಡಿಗ್ರಿಗೆ ಬಿಸಿಯಾದ ಮೇಲೆ ನಾಲ್ಕೂ ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಡಿ (ಮುಂದಕ್ಕೆ) ಮತ್ತು ಆರ್ (ಹಿಂದಕ್ಕೆ) ಎರಡರಲ್ಲೂ ಐಡ್ಲಿಂಗ್ ಒತ್ತಡ ಬರೆದುಕೊಳ್ಳಿ. ಆರ್‌ನಲ್ಲಿ ಹೆಚ್ಚಿರುವುದು ಸಹಜ. ಬ್ರೇಕ್ ಹಿಡಿದೇ ಆಕ್ಸಿಲರೇಟರ್ ಪೂರ್ತಿ ತುಳಿದು ನೋಡುವ ಸ್ಟಾಲ್ ಪರೀಕ್ಷೆಯನ್ನು 5 ಸೆಕೆಂಡಿಗಿಂತ ಹೆಚ್ಚು ಮಾಡಬಾರದು. ಮನೆಯಂಗಳದಲ್ಲಂತೂ ಅದು ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಕುಂಬಳೆಯಿಂದ:

ನನ್ನ ಕಾರಿನಲ್ಲೂ ಇದೇ ತೊಂದರೆಯಿತ್ತು, ಆದರೆ ಕಾರಣ ನಿಜವಾಗಿಯೂ ಕೇಬಲೇ ಆಗಿತ್ತು. ಥ್ರಾಟಲ್ ಬಾಡಿ ತೊಳೆಯಲೆಂದು ಬಿಚ್ಚಿದವರು ಕೇಬಲಿನ ಹೊರಕವಚವನ್ನು ಬ್ರಾಕೆಟ್ಟಿನಲ್ಲಿ ಪೂರ್ತಿ ಕೂರಿಸಿರಲಿಲ್ಲ. ಅದನ್ನು ಕೂರಿಸಿ ಅಂತರ ಸರಿಪಡಿಸಿದೊಡನೆ ಜಾರುವುದು ನಿಂತಿತು. ಆದ್ದರಿಂದ ಇತ್ತೀಚೆಗೆ ಯಾರು ಎಲ್ಲಿ ಕೈ ಹಾಕಿದ್ದರು ಎಂಬುದನ್ನೂ ನೆನಪಿಸಿಕೊಳ್ಳಿ.

ಮಂಜೇಶ್ವರದಿಂದ:

ಹೊಸ ಕಾರಿನವರು ಇದನ್ನು ಓದಿ ಕೇಬಲ್ ಹುಡುಕಲು ಹೊರಡದಿರಲೆಂದು ಬರೆಯುತ್ತಿದ್ದೇನೆ. ಈಗಿನ ಆಟೋಮ್ಯಾಟಿಕ್‌ಗಳಲ್ಲಿ ಒತ್ತಡವನ್ನು ಕಂಪ್ಯೂಟರ್ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಮೂಲಕ ನಿಯಂತ್ರಿಸುತ್ತದೆ. ಸ್ಕ್ಯಾನರ್ ಇಲ್ಲದೆ ಅಲ್ಲಿ ಹೆಚ್ಚೇನೂ ತಿಳಿಯದು. ಸಣ್ಣ ಕಾರುಗಳ ಎಎಂಟಿಯಂತೂ ಮಾಮೂಲಿ ಗೇರ್‌ಬಾಕ್ಸನ್ನೇ ಯಂತ್ರ ಬದಲಾಯಿಸುವ ವ್ಯವಸ್ಥೆ, ಈ ಚರ್ಚೆಗೆ ಸೇರಿದ್ದಲ್ಲ.

ಮುಳ್ಳೇರಿಯಾದಿಂದ ಮತ್ತೆ:

ಎಲ್ಲರಿಗೂ ವಂದನೆಗಳು. ಕೇಬಲಿನ ಅಂತರ ಸರಿಯಾಗಿಯೇ ಇದೆ, ಆಯಿಲ್ ಮಟ್ಟವೂ ಸರಿಯಿದೆ, ಬಣ್ಣ ಮಾತ್ರ ಕಂದು. ಮೀಟರ್ ಹಾಕಿಸಿ ನೋಡಿದಾಗ ಡಿ, ಆರ್ ಎರಡರಲ್ಲೂ ಮ್ಯಾನುವಲಿನಲ್ಲಿ ಕೊಟ್ಟಿರುವುದಕ್ಕಿಂತ ಒತ್ತಡ ಕಡಿಮೆ ಬಂತು. ಮುಂದೇನು ಮಾಡಬೇಕು?

ಬದಿಯಡ್ಕದಿಂದ:

ಡಿ ಒಂದರಲ್ಲೇ ಕಡಿಮೆಯಿದ್ದರೆ ಆ ಗೇರಿನ ಕ್ಲಚ್ಚಿಗೆ ಹೋಗುವ ದಾರಿಯಲ್ಲಿ ಸೋರಿಕೆ ಎನ್ನಬಹುದಿತ್ತು. ಎರಡರಲ್ಲೂ ಕಡಿಮೆ ಎಂದಮೇಲೆ ಫಿಲ್ಟರ್ ಕಟ್ಟಿಕೊಂಡಿರಬೇಕು, ಇಲ್ಲವೇ ರೆಗ್ಯುಲೇಟರ್ ವಾಲ್ವ್ ಸಿಕ್ಕಿಬಿದ್ದಿರಬೇಕು, ಅದೂ ಅಲ್ಲವಾದರೆ ಪಂಪು ಸವೆದಿರಬೇಕು. ಅಗ್ಗದ್ದನ್ನು ಮೊದಲು ನೋಡೋಣ: ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆಯಾದ ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸಿ, ಪ್ಯಾನಿನೊಳಗಿನ ಆಯಸ್ಕಾಂತವನ್ನು ಬಟ್ಟೆಯಲ್ಲಿ ಒರೆಸಿ ನೋಡಿ. ನುಣುಪಾದ ಬೂದು ಕೆಸರು ಎಲ್ಲ ಹಳೆಯ ಕಾರುಗಳಲ್ಲೂ ಇರುತ್ತದೆ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳೋ, ಆಯಸ್ಕಾಂತಕ್ಕೆ ಅಂಟದ ಹಿತ್ತಾಳೆ ಬಣ್ಣದ ಪುಡಿಯೋ ಸಿಕ್ಕಿದರೆ ಬೇರಿಂಗ್, ಬುಷ್ ಸವೆದಿವೆ. ಆಗ ಹೊಸ ಆಯಿಲಿಗೆ ಹಣ ಹಾಕುವ ಮೊದಲೇ ಗೇರ್‌ಬಾಕ್ಸ್ ಇಳಿಸುವ ಖರ್ಚನ್ನು ವಿಚಾರಿಸಿ.