ರಾತ್ರಿ ಹಾಡುವ ಫಜ್ ಪೆಡಲ್ ಮಧ್ಯಾಹ್ನ ಕೆಮ್ಮುತ್ತದೆ, ಏಕೆ?

ಮೊದಲ ಬೆಸುಗೆ:

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ, ಆದರೆ ಬೆಸುಗೆ ಹಾಕುವುದನ್ನು ಕಲಿತು ಎರಡು ತಿಂಗಳಾಯಿತು ಅಷ್ಟೇ. ಮೊದಲ ಪೆಡಲ್ ಆಗಿ ಎರಡು ಟ್ರಾನ್ಸಿಸ್ಟರಿನ ಫಜ್ (ಗಿಟಾರಿನ ಸ್ವರವನ್ನು ಒರಟಾಗಿ, ದಪ್ಪಗೆ ಮಾಡುವ ಪೆಟ್ಟಿಗೆ) ಆರಿಸಿಕೊಂಡೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆ ದುಂಡು ಪೆಟ್ಟಿಗೆಯಲ್ಲಿ ತಂದ ಫಜ್ ಫೇಸ್‌ನ ಸರ್ಕ್ಯೂಟ್ ಅದು. ಎರಡು ಜರ್ಮೇನಿಯಮ್ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್). ಇಷ್ಟೇ ಇರುವುದರಿಂದ ತಪ್ಪಿದರೂ ಹುಡುಕುವುದು ಸುಲಭ ಎಂದುಕೊಂಡಿದ್ದೆ.

ಹಾಕಿರುವುದು ಹಳೆಯ ಎಸಿ 128 ಟ್ರಾನ್ಸಿಸ್ಟರುಗಳನ್ನು. ಬಿಸಿ ತಾಗಿ ಹಾಳಾಗಬಾರದೆಂದು ಅವನ್ನು ನೇರವಾಗಿ ಬೆಸೆಯದೆ ಸಾಕೆಟ್‌ನಲ್ಲಿ ಕೂರಿಸಿದ್ದೇನೆ. ಮಲ್ಟಿಮೀಟರಿನ ಗೇನ್ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿ) ಅಳೆಯುವ ತೂತಿನಲ್ಲಿ ಎರಡೂ 140ರ ಆಸುಪಾಸು ತೋರಿಸಿದ್ದವು.

ಕೆಲಸ ಮುಗಿದಾಗ ರಾತ್ರಿ ಹನ್ನೊಂದು ದಾಟಿತ್ತು. ಆಂಪ್ಲಿಫೈಯರಿಗೆ ಜೋಡಿಸಿ ಕೆಳಗಿನ ತಂತಿಯನ್ನು ಒಮ್ಮೆ ಮೀಟಿದೆ. ಸ್ವರ ದಪ್ಪಗೆ ಎದ್ದು, ತುಂಬ ಹೊತ್ತು ನಿಂತು, ನಿಧಾನವಾಗಿ ಕರಗಿತು. ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿದರೆ ಒರಟೆಲ್ಲ ಜಾರಿಹೋಗಿ ತಿಳಿಯಾದ ನಾದ ಉಳಿಯುತ್ತಿತ್ತು. ನನ್ನ ಕೈಯಿಂದ ಆದ ವಸ್ತುವೊಂದು ಹೀಗೆ ದನಿ ತೆಗೆದದ್ದು ಕೇಳಿ ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಅದೇ ಪೆಡಲ್, ಅದೇ ಬ್ಯಾಟರಿ. ಸ್ವರ ಹುಟ್ಟುತ್ತಲೇ ಉಗ್ಗುತ್ತದೆ, ಹರಿದ ಕಾಗದದಂತೆ ಕರಕರ ಎಂದು ಎರಡು ಕ್ಷಣದಲ್ಲಿ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ರಾತ್ರಿಯಾದರೆ ಮತ್ತೆ ಸರಿ. ಐದು ದಿನದಿಂದ ಹೀಗೇ ನಡೆದಿದೆ. ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಕಾಯಿಸಿ ನೋಡಿದೆ, ಬ್ಯಾಟರಿ ಬದಲಿಸಿದೆ, ಉಪಯೋಗವಾಗಲಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಲಿ?

ಒಂಬತ್ತು ವೋಲ್ಟ್:

ನಿಮ್ಮ ಬೆಸುಗೆಯನ್ನು ಇನ್ನು ಕಾಯಿಸಬೇಡಿ, ತಪ್ಪು ಅಲ್ಲಿಲ್ಲ. ಇದು ಸೆಕೆಯ ಕೆಲಸ.

ಮೊದಲು ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್‌ನಲ್ಲಿ (ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳಲ್ಲಿ ಒಂದು) ಎಷ್ಟು ವೋಲ್ಟ್ ಇದೆ ನೋಡಿ. ಎಸಿ 128 ಪಿಎನ್‌ಪಿ (ಮೈನಸ್ ವೋಲ್ಟೇಜಿನಲ್ಲಿ ನಡೆಯುವ ಬಗೆ) ಆದ್ದರಿಂದ ಮೀಟರು ಮೈನಸ್ ತೋರಿಸುತ್ತದೆ, ಆ ಗುರುತನ್ನು ಬಿಟ್ಟು ಓದಿಕೊಳ್ಳಿ. 9 ವೋಲ್ಟಿನ ಅರ್ಧ, ಅಂದರೆ 4.5ರ ಸುತ್ತಮುತ್ತ ಇದ್ದರೆ ಅಲೆಗೆ ಎರಡೂ ಕಡೆ ಹೊರಳಲು ಜಾಗ ಸಿಗುತ್ತದೆ. 8 ವೋಲ್ಟಿಗೆ ಹತ್ತಿರವಾದರೆ ಆ ಟ್ರಾನ್ಸಿಸ್ಟರ್ ಅರೆನಿದ್ದೆಯಲ್ಲಿದೆ ಎಂದು ಅರ್ಥ. ಜೋರಾದ ಸಿಗ್ನಲ್ ಮಾತ್ರ ಅದನ್ನು ಎಬ್ಬಿಸುತ್ತದೆ, ಸ್ವರ ಸಣ್ಣದಾದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ನೀವು ಕೇಳುತ್ತಿರುವ ಉಗ್ಗು ಅದೇ.

ಇನ್ನೊಂದು ಮಾತು, ಮೀಟರಿನ ಗೇನ್ ತೂತನ್ನು ಜರ್ಮೇನಿಯಮ್ ವಿಷಯದಲ್ಲಿ ನಂಬಬೇಡಿ. ಈ ಟ್ರಾನ್ಸಿಸ್ಟರುಗಳಲ್ಲಿ ಬೇಸ್‌ಗೆ ಏನೂ ಕೊಡದಿದ್ದರೂ ಕಲೆಕ್ಟರ್‌ನಿಂದ ಕರೆಂಟ್ ಸೋರುತ್ತಿರುತ್ತದೆ. ಮೀಟರು ಆ ಸೋರಿಕೆಯನ್ನೂ ಗೇನ್ ಎಂದೇ ಲೆಕ್ಕ ಹಾಕುತ್ತದೆ.

ಸರಿಯಾಗಿ ಅಳೆಯುವ ಬಗೆ ಇದು. ಎಮಿಟರನ್ನು 9 ವೋಲ್ಟಿನ ಪ್ಲಸ್‌ಗೆ ಸೇರಿಸಿ. ಕಲೆಕ್ಟರ್‌ನಿಂದ ಮೈನಸ್‌ಗೆ 2.47 ಕಿಲೊ ಓಮ್ (2.2 ಕಿಲೊ ಮತ್ತು 270 ಓಮ್ ಸರಣಿಯಲ್ಲಿ ಇಟ್ಟರಾಯಿತು). ಬೇಸ್ ಅನ್ನು ಗಾಳಿಯಲ್ಲಿ ಬಿಟ್ಟು ಆ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಬರೆದುಕೊಳ್ಳಿ, ಅದು ಸೋರಿಕೆ. ಆಮೇಲೆ ಬೇಸ್‌ನಿಂದ ಮೈನಸ್‌ಗೆ 2.2 ಮೆಗಾ ಓಮ್ ಸೇರಿಸಿ ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು 100ರಿಂದ ಗುಣಿಸಿದರೆ ನಿಜವಾದ ಗೇನ್. ಟ್ರಾನ್ಸಿಸ್ಟರನ್ನು ಸಾಕೆಟ್‌ಗೆ ಹಾಕಿದ ಮೇಲೆ ಎರಡು ನಿಮಿಷ ಮುಟ್ಟದೆ ಬಿಡಿ, ಬೆರಳಿನ ಕಾವೇ ಲೆಕ್ಕ ಕೆಡಿಸುತ್ತದೆ.

ಹಳೆಯ ತಂತಿ:

ಜರ್ಮೇನಿಯಮ್ ಬಿಟ್ಟು ಸಿಲಿಕಾನ್ ಹಾಕಿ ಎಂಬುದು ನನ್ನ ಸಲಹೆ. ಕಾರ್ಖಾನೆಗಳೂ ಕೊನೆಗೆ ಅದನ್ನೇ ಮಾಡಿದವು, ಫಜ್ ಫೇಸ್‌ನ ಒಳಗೇ ಬಿಸಿ 108 ಎಂಬ ಸಿಲಿಕಾನ್ ಟ್ರಾನ್ಸಿಸ್ಟರ್ ಬಂದು ಕುಳಿತಿತು. ಸೆಕೆಗೆ ಬೆದರುವುದಿಲ್ಲ, ಸೋರುವುದಿಲ್ಲ. ದನಿ ಸ್ವಲ್ಪ ಚೂಪಾಗುತ್ತದೆ. ಕಲೆಕ್ಟರ್ ಮತ್ತು ಬೇಸ್ ನಡುವೆ 47ರಿಂದ 100 ಪಿಕೊ ಫ್ಯಾರಡ್ ಕೆಪಾಸಿಟರ್ ಇಟ್ಟರೆ ಆ ಮೊನೆ ಮೊಂಡಾಗುತ್ತದೆ. ನೀವು ಕಟ್ಟಿರುವುದು ಪಿಎನ್‌ಪಿ ಬೋರ್ಡ್ ಆದ್ದರಿಂದ ಬಿಸಿ 557ರಂಥ ಪಿಎನ್‌ಪಿಯನ್ನೇ ತನ್ನಿ, ವಿರುದ್ಧ ಬಗೆಯ (ಎನ್‌ಪಿಎನ್) ಬಿಸಿ 547 ಹಾಕಿದರೆ ಏನೂ ಕೇಳಿಸುವುದಿಲ್ಲ. ಕಾಲುಗಳ ಕ್ರಮವೂ ಬೇರೆ, ನೋಡಿಕೊಳ್ಳಿ.

ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದ ಎಚ್ಚರಿಕೆ: ನಿಮ್ಮ ಪೆಡಲಿನಲ್ಲಿ ಪ್ಲಸ್ ತುದಿಯೇ ನೆಲ (ಗ್ರೌಂಡ್). ಉಳಿದ ಪೆಡಲುಗಳಿಗೆ ಕರೆಂಟ್ ಕೊಡುವ ಅದೇ ಅಡಾಪ್ಟರಿನಿಂದ ಕವಲು ತೆಗೆದು ಇದಕ್ಕೂ ಕೊಟ್ಟರೆ, ಗಿಟಾರ್ ಕೇಬಲಿನ ಮೂಲಕ ಪ್ಲಸ್ ಮೈನಸ್ ಒಂದಾಗಿ ಶಾರ್ಟ್ ಆಗುತ್ತದೆ. ಇದಕ್ಕೆ ಬ್ಯಾಟರಿಯೇ ಇರಲಿ.

ಮೊದಲ ಬೆಸುಗೆ:

ಇಬ್ಬರಿಗೂ ಧನ್ಯವಾದ. ಅಡಾಪ್ಟರಿನ ಮಾತು ಒಳ್ಳೆಯ ಸಮಯಕ್ಕೆ ಬಂತು, ಮುಂದಿನ ವಾರ ನಾನು ಅದನ್ನೇ ಮಾಡುವವನಿದ್ದೆ.

ಅಳೆದೆ. ಎರಡನೆಯ ಕಲೆಕ್ಟರ್: ರಾತ್ರಿ 5.9, ಮಧ್ಯಾಹ್ನ 7.9. ರಾತ್ರಿ ಹೊತ್ತು ಮೀಟರ್ ಜೋಡಿಸಿಟ್ಟು, ಮೊದಲನೆಯ ಟ್ರಾನ್ಸಿಸ್ಟರಿನ ಲೋಹದ ಟೋಪಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಡಿದೆ. 5.9 ಇದ್ದದ್ದು 6.1 ಆಯಿತು, 6.4 ಆಯಿತು, ಒಂದು ನಿಮಿಷದೊಳಗೆ 6.8. ಬೆರಳು ತೆಗೆದೆ, ಅಂಕಿಗಳು ಬಂದ ದಾರಿಯಲ್ಲೇ ಇಳಿದವು. ನನ್ನ ಮೈಯ ಕಾವು ಹೀಗೆ ಅಂಕಿಯಾಗಿ ಕಾಣುವುದನ್ನು ನೋಡಿ ಮೈ ಜುಮ್ಮೆಂದಿತು. ನಾಲ್ಕು ಬಾರಿ ಮಾಡಿ ನೋಡಿದೆ.

ನೀವು ಹೇಳಿದ ಪರೀಕ್ಷೆಯನ್ನು ಮಧ್ಯಾಹ್ನ ಮಾಡಿದೆ. ಮೊದಲ ಸ್ಥಾನದಲ್ಲಿದ್ದದ್ದು ಬೇಸ್ ಇಲ್ಲದೆ 0.62, ಬೇಸ್ ಸೇರಿಸಿದಾಗ 1.40. ಎರಡನೆಯದು 0.22 ಮತ್ತು 1.30.

ಸಿಲಿಕಾನ್ ಬಗ್ಗೆ: ವಾಲ್ಯೂಮ್ ಇಳಿಸಿದಾಗ ತಿಳಿಯಾಗುತ್ತಿದ್ದ ಆ ನಾದಕ್ಕೆ ನಾನು ಮನಸೋತಿದ್ದೇನೆ. ಇದನ್ನೇ ಉಳಿಸಿಕೊಳ್ಳುವ ದಾರಿ ಇದೆಯೇ?

ಒಂಬತ್ತು ವೋಲ್ಟ್:

ಇದೆ, ನಿಮ್ಮ ಅಂಕಿಗಳಲ್ಲೇ ಇದೆ.

ಮೊದಲನೆಯದರ ಗೇನ್ 78. ಸೋರಿಕೆ 0.62 ವೋಲ್ಟನ್ನು 2.47 ಕಿಲೊ ಓಮ್‌ನಿಂದ ಭಾಗಿಸಿದರೆ 250 ಮೈಕ್ರೊ ಆಂಪಿಯರ್. ಈಗ ಸರ್ಕ್ಯೂಟ್ ನೋಡಿ. ಮೊದಲ ಕಲೆಕ್ಟರ್‌ಗೆ ಇರುವುದು 33 ಕಿಲೊ ಓಮ್. ಅದರಲ್ಲಿ ಏನೇ ಮಾಡಿದರೂ 270 ಮೈಕ್ರೊ ಆಂಪಿಯರ್‌ಗಿಂತ ಹೆಚ್ಚು ಹರಿಯಲಾರದು. ಅಷ್ಟನ್ನೂ ಸೋರಿಕೆಯೇ ನುಂಗಿದರೆ, ಎರಡನೆಯ ಟ್ರಾನ್ಸಿಸ್ಟರಿನ ಎಮಿಟರ್‌ನಿಂದ 100 ಕಿಲೊ ಓಮ್ ಮೂಲಕ ಬರುವ ಹಿಡಿತಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ತಾಪ ಹತ್ತು ಡಿಗ್ರಿ ಏರಿದರೆ ಸೋರಿಕೆ ಸುಮಾರು ಇಮ್ಮಡಿಯಾಗುತ್ತದೆ. ರಾತ್ರಿ ಅದು ಅರ್ಧವಾಗುವುದರಿಂದ ನಿಮ್ಮ ಪೆಡಲ್ ಉಸಿರಾಡುತ್ತದೆ.

ಎರಡನೆಯದರ ಗೇನ್ 108, ಸೋರಿಕೆ 90 ಮೈಕ್ರೊ ಆಂಪಿಯರ್ ಮಾತ್ರ. ಎರಡನ್ನೂ ಅದಲುಬದಲು ಮಾಡಿ. ಗೇನ್ ಕಡಿಮೆ ಇರುವುದು ಮೊದಲು ಬರಬೇಕೆಂದು ಎಲ್ಲ ಕಡೆ ಹೇಳುತ್ತಾರೆ. ನಾನೂ ಹಾಗೆಯೇ ಕಟ್ಟುತ್ತೇನೆ. ಆದರೆ ಸೋರಿಕೆ ಇಷ್ಟಿರುವಾಗ ಆ ನಿಯಮವನ್ನು ಬದಿಗಿಡಬೇಕು. ಎರಡನೆಯ ಸ್ಥಾನದಲ್ಲಿ ಎಮಿಟರ್‌ನ ಕೆಳಗೆ 1 ಕಿಲೊ ಓಮ್ ಇದೆ, ಆ ಜಾಗ ಸೋರಿಕೆಯನ್ನು ಬಹಳಷ್ಟು ಸಹಿಸಿಕೊಳ್ಳುತ್ತದೆ. ಜೊತೆಗೆ ಎರಡನೆಯ ಕಲೆಕ್ಟರ್‌ನ 8.2 ಕಿಲೊ ಓಮ್ ರೆಸಿಸ್ಟರ್ ತೆಗೆದು 20 ಕಿಲೊ ಓಮ್ ಟ್ರಿಮರ್ (ತಿರುಗಿಸಿ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಹಾಕಿ, ಮಧ್ಯಾಹ್ನದ ಹೊತ್ತಿನಲ್ಲೇ ಕಲೆಕ್ಟರ್ 4.8ಕ್ಕೆ ಬರುವಂತೆ ತಿರುಗಿಸಿ. ತಂಪಾದಾಗ ಅಂಕಿ ಕೆಳಗಿಳಿಯುತ್ತದೆ, 4ರ ಹತ್ತಿರ ಬಂದರೂ ಕಿವಿಗೆ ಹಿತವಾಗಿಯೇ ಇರುತ್ತದೆ.

ಹಳೆಯ ತಂತಿ:

ಅದಲುಬದಲಿನ ಯೋಚನೆ ನನಗೆ ಹೊಳೆದಿರಲಿಲ್ಲ. ಅದೂ ಸಾಲದಾದರೆ ಮೊದಲ ಸ್ಥಾನಕ್ಕೆ ಸಿಲಿಕಾನ್ ಪಿಎನ್‌ಪಿ, ಎರಡನೆಯದಕ್ಕೆ ಈಗಿನ ಜರ್ಮೇನಿಯಮ್ ಇಟ್ಟು ನೋಡಿ. ತಿಳಿಯಾದ ನಾದ ಬಹುಪಾಲು ಉಳಿಯುತ್ತದೆ. ಮತ್ತೆ, ಗಿಟಾರಿಗೂ ಫಜ್‌ಗೂ ನಡುವೆ ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟಿನಿಂದ ಬೇರ್ಪಡಿಸುವ ಭಾಗ) ಇರುವ ಬೇರೆ ಪೆಡಲ್ ಇಡಬೇಡಿ. ಗಿಟಾರಿನ ವಾಲ್ಯೂಮ್ ಪಾಟ್ ಈ ಸರ್ಕ್ಯೂಟಿನ ಭಾಗವಾಗಿಯೇ ಕೆಲಸ ಮಾಡುತ್ತದೆ, ನಡುವೆ ಬಫರ್ ಬಂದರೆ ನೀವು ಮನಸೋತಿರುವ ಗುಣವೇ ಹೋಗುತ್ತದೆ.

ಮೊದಲ ಬೆಸುಗೆ:

ಅದಲುಬದಲು ಮಾಡಿದ ಕೂಡಲೇ ಮಧ್ಯಾಹ್ನದ 7.9 ಇಳಿದು 6.6 ಆಯಿತು. ಟ್ರಿಮರ್ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಒಂದೇ ತಂತಿಯನ್ನು ಮೀಟುತ್ತ ಹೋದೆ. ಉಗ್ಗು ಮೊದಲು ಸ್ವರದ ತುದಿಗೆ ಸರಿಯಿತು, ಆಮೇಲೆ ಕಾಣದಾಯಿತು. 4.8ರಲ್ಲಿ ನಿಲ್ಲಿಸಿದೆ. ಟ್ರಿಮರ್ ತೆಗೆದು ಅಳೆದರೆ 14.3 ಕಿಲೊ ಓಮ್. ರಾತ್ರಿ 4.1 ತೋರಿಸಿತು, ದನಿ ಮಧ್ಯಾಹ್ನಕ್ಕಿಂತ ಒಂದು ಎಳೆ ಮೃದು, ಆದರೆ ಸ್ವರ ಎಲ್ಲೂ ಕತ್ತರಿಸುತ್ತಿಲ್ಲ.

ಟ್ರಿಮರನ್ನು ಒಳಗೆ ಮುಚ್ಚಿಡಲು ಮನಸ್ಸಾಗುತ್ತಿಲ್ಲ. ಅದರ ಜಾಗಕ್ಕೆ ಪಾಟ್ ಹಾಕಿ ಗುಂಡಿಯನ್ನು ಹೊರಗೆ ತರುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಎರಡು ತೂತು ಕೊರೆದಾಗಿತ್ತು, ಮೂರನೆಯದಕ್ಕೆ ಇವತ್ತು ಸಂಜೆ ಗುರುತು ಹಾಕಿದೆ.