ಪದಚರ್ಚೆ: ‘ಪೆಡಲ್ ಬೋರ್ಡ್’ ಅಲ್ಲ, ಹಾಗಾದರೆ ಏನು? (ನಾಳೆ ಸಂಜೆಯೊಳಗೆ ಬೇಕು)

ಹೊಳೆಬದಿ, ಮೂಲ್ಕಿ (ಬುಧವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಒಂದು ಪದ ಬೇಕು. ಒಂದಲ್ಲ, ಮೂರು.

ನಮ್ಮ ಭಾವ ಶಾಂಭವಿ ಹೊಳೆಯ ಬದಿಯಲ್ಲಿ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್ ಬಾಡಿಗೆಗೆ ಕೊಡುತ್ತಾರೆ. ಪ್ಯಾಡಲ್ ಎಂದರೆ ಹುಟ್ಟು, ದೋಣಿ ನಡೆಸುವ ಕೋಲು. ನೀರಿನ ಮೇಲೆ ತೇಲುವ ಹಲಗೆಯಲ್ಲಿ ನಿಂತು ಅದರಿಂದ ನೀರು ತಳ್ಳುತ್ತಾ ಹೋಗುವುದು. ಈ ವರ್ಷ ಮಾರಾಟವನ್ನೂ ಶುರು ಮಾಡಿದ್ದಾರೆ. ಅಂಗಡಿ ಮುಂದಿನ ಫ್ಲೆಕ್ಸಿನಲ್ಲಿ ‘ಪೆಡಲ್ ಬೋರ್ಡ್’ ಎಂದು ಬರೆಸಿದ್ದರು. ನೋಡಿ ಬಂದವರೆಲ್ಲ ಕೇಳುವುದು ಒಂದೇ ಮಾತು: “ತುಳಿಯೋದು ಎಲ್ಲಿ?” ಕೆರೆಯಲ್ಲಿ ಬಾತುಕೋಳಿ ಆಕಾರದ ದೋಣಿ ತುಳಿಯುತ್ತೇವಲ್ಲ, ಅದು ಎಂದುಕೊಂಡು ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಾರೆ.

ಹೊಸ ಫ್ಲೆಕ್ಸ್ ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ನಾನು ಬರೆದುಕೊಟ್ಟದ್ದು ಹೀಗಿದೆ:

‘ನಿಂತು ಹುಟ್ಟು ಹಾಕುವ ಸರ್ವತೋಮುಖ ಹಲಗೆಗಳು ಇಲ್ಲಿ ಸಿಗುತ್ತವೆ. ನಿಲ್ಲಿಸಿದ ಹಲಗೆಗಳಿಗೆ ರಿಯಾಯಿತಿ.’

ಓದಿದ ಅಕ್ಕ, “ನಿಲ್ಲಿಸಿದ ಹಲಗೆ ಅಂದ್ರೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾ?” ಎಂದು ಕೇಳಿದಳು. ನಾನು ಹೇಳಬೇಕಾದ್ದು ಕಂಪನಿಯವರು ಈಗ ತಯಾರಿಸದ ಹಳೇ ಮಾದರಿ ಎಂದು. ನಿಲ್ಲುವ ಹಲಗೆ, ನಿಂತುಹೋದ ಹಲಗೆ, ಎರಡೂ ಒಂದೇ ಫ್ಲೆಕ್ಸಿನಲ್ಲಿ ಬಂದು ಗೊಂದಲ ಆಗಿದೆ.

‘ಸರ್ವತೋಮುಖ’ ಎಂದದ್ದು ಆಲ್‌ರೌಂಡ್ ಬೋರ್ಡಿಗೆ. ಹತ್ತರಿಂದ ಹನ್ನೊಂದು ಅಡಿ ಉದ್ದ, 32 ಇಂಚಿನ ಆಸುಪಾಸು ಅಗಲ, ದುಂಡು ಮೂತಿ. ಹೊಳೆಗೂ ಆಗುತ್ತದೆ, ಸಣ್ಣ ಅಲೆಗೂ ಆಗುತ್ತದೆ. ದಯವಿಟ್ಟು ಬೇಗ ಹೇಳಿ.

ಮೇಷ್ಟ್ರು, ಬನಶಂಕರಿ

ಸರ್ವತೋಮುಖ ಅಂದರೆ ಎಲ್ಲ ದಿಕ್ಕಿಗೂ ಮುಖ ಇರುವುದು. ನಿಮ್ಮ ಹಲಗೆಗೆ ಮೂತಿ ಒಂದೇ ಎಂದು ನೀವೇ ಬರೆದಿದ್ದೀರಿ. ಮೇಲಾಗಿ ಪ್ರಿಂಟಿನವರು ಅದನ್ನು ‘ಸರ್ವತೋಮುಖಹಲಗೆ’ ಎಂದು ಅಂಟಿಸಿಬಿಟ್ಟರೆ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ತಪ್ಪು ಸಮಾಸ. ನಾಲ್ಕು ರಸ್ತೆ ಸೇರುವಲ್ಲಿ ಅರಿಸಮಾಸ ನೇತುಹಾಕಬೇಡಿ.

ಅಮರಸಿಂಹನ ಸಂಸ್ಕೃತ ನಿಘಂಟು ಅಮರಕೋಶದಲ್ಲಿ ಹುಟ್ಟಿಗೆ ‘ಕ್ಷೇಪಣೀ’ ಎಂದಿದೆ. ‘ಕ್ಷೇಪಣೀಫಲಕ’ ಎನ್ನಿ. ಎರಡೂ ಸಂಸ್ಕೃತ, ಸಮಾಸ ಶುದ್ಧ. ಮುಗಿಯಿತು.

ಕುಂದಾಪ್ರದವ

ಮಾರಾಯ್ರೆ, ಕ್ಷೇಪಣೀಫಲಕ ಅಂತ ಬರೆಸಿದರೆ ಜನ ಓದುವುದು ಕ್ಷಿಪಣಿ ಅಂತಲೇ. ಗಿರಾಕಿ ಬರುವ ಮೊದಲು ಕರಾವಳಿ ಕಾವಲು ಪೊಲೀಸರು ಬರುತ್ತಾರೆ.

ಅಚ್ಚಗನ್ನಡಿಗ

ಹೊಳೆ ನಮ್ಮದು, ಹುಟ್ಟು ನಮ್ಮದು, ಹಲಗೆ ನಮ್ಮದು. ಪದಕ್ಕೆ ಮಾತ್ರ ಅಮರಸಿಂಹನ ಬಾಗಿಲು ಯಾಕೆ ತಟ್ಟಬೇಕು? ‘ನಿಲ್‌ಹುಟ್ಟುಹಲಗೆ’ ಎಂದರೆ ಸಾಕು. ನಿಲ್ದಾಣ ಎನ್ನುವಂತೆಯೇ ಇದು.

ಹುಟ್ಟು ಎಂಬ ಪದದ ಚೆಲುವು ಇಲ್ಲಿ ಯಾರಿಗೂ ಗೊತ್ತಿದ್ದಂತಿಲ್ಲ. ನಿಘಂಟು ತೆಗೆದು ನೋಡಿ, ಮರದ ಸೌಟಿಗೂ ಹುಟ್ಟು ಎಂದೇ ಹೆಸರು. ತಮಿಳಿನಲ್ಲೂ ಹಾಗೇ, ‘ತುಡುಪ್ಪು’ ದೋಣಿಯದ್ದೂ ಹೌದು, ಅಡುಗೆಯದ್ದೂ ಹೌದು. ಅಡುಗೆಮನೆಯಿಂದ ಹೊಳೆಗೆ ಇಳಿದ ಪದ ಇದು. ಕೊಪ್ಪರಿಗೆಯಲ್ಲಿ ಕೈ ಆಡಿಸುವುದಕ್ಕೂ ಹೊಳೆಯಲ್ಲಿ ನೀರು ತಳ್ಳುವುದಕ್ಕೂ ನಮ್ಮ ಹಿರಿಯರು ವ್ಯತ್ಯಾಸ ಕಾಣಲಿಲ್ಲ. ಇಂಥ ಪದ ಇರುವಾಗ ‘ಪ್ಯಾಡಲ್’ ಎನ್ನುವವರಿಗೆ ಏನು ಹೇಳುವುದು.

ಮೇಷ್ಟ್ರು, ಬನಶಂಕರಿ

ನಿಲ್ದಾಣದ ‘ತಾಣ’ ಸ್ಥಾನದ ತದ್ಭವ. ನಿಮ್ಮ ಅಚ್ಚಗನ್ನಡದ ಉದಾಹರಣೆಯಲ್ಲೇ ಅರ್ಧ ಸಂಸ್ಕೃತ ಕೂತಿದೆ.

ಸೌಟಿನಿಂದ ಹುಟ್ಟು ಬಂತೋ, ಹುಟ್ಟಿನಿಂದ ಸೌಟು ಬಂತೋ, ನೀವು ನೋಡಿದ್ದೀರಾ? ಆಕಾರ ಒಂದೇ, ಹೆಸರು ಒಂದೇ. ಅಷ್ಟೇ. ಅದಕ್ಕೊಂದು ಕಥೆ ಕಟ್ಟಬೇಡಿ.

ಕುಂದಾಪ್ರದವ

‘ನಿಲ್‌ಹುಟ್ಟು’ ಅಂದರೆ ಹುಟ್ಟು ನಿಲ್ಲಿಸುವುದು ಅಂತಲೂ ಆಗುತ್ತದೆ. ಹಿಂದೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಬೋರ್ಡ್ ಹಾಕುತ್ತಿದ್ದರಲ್ಲ, ಅದರ ಪಕ್ಕ ಇಡಬಹುದು.

ತಮಾಷೆ ಬಿಡಿ. ಹಲಗೆ ಎನ್ನುವುದು ಎಷ್ಟು ಸರಿಯಾದ ಪದ ಅಂತ ಘಟ್ಟದ ಮೇಲಿನವರಿಗೆ ಗೊತ್ತಿಲ್ಲ. ನಾವು ನೀರಿನಲ್ಲಿ ಹಲಗೆ ಮೇಲೆ ನಿಲ್ಲುವುದನ್ನು ಹವಾಯಿಯವರಿಂದ ಕಲಿಯಬೇಕಾಗಿಲ್ಲ. ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳಿವೆ. ಅಡ್ಡ ಹಲಗೆಯಲ್ಲಿ ಕೋಣ ಎಳೆಯುತ್ತದೆ, ಓಡಿಸುವವ ಹಲಗೆ ಮೇಲೆ ನಿಂತಿರುತ್ತಾನೆ, ಕೆಳಗೆ ಕೆಸರು ನೀರು. ಕನೆ ಹಲಗೆಯಲ್ಲಿ ತೂತಿನಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆ ಮುಟ್ಟಬೇಕು. ಬ್ಯಾಲೆನ್ಸ್ ಅಂದರೆ ಅದು.

ಆದರೆ ಇದೇ ತೊಂದರೆಯೂ ಹೌದು. ಮೂಲ್ಕಿ ಸೀಮೆಯಲ್ಲಿ ಅರಸು ಕಂಬಳ ನಡೆಯುತ್ತದೆ. ಅಲ್ಲಿ ‘ಹಲಗೆ ಮಾರಾಟಕ್ಕಿದೆ’ ಅಂತ ಫ್ಲೆಕ್ಸ್ ಕಟ್ಟಿದರೆ ಕೋಣ ಸಾಕಿದವರು ಬಂದು ಬೆಲೆ ಕೇಳುತ್ತಾರೆ. ಬಾತುಕೋಳಿ ದೋಣಿ ಕೇಳಿಕೊಂಡು ಬಂದವರನ್ನಾದರೂ ಸಮಾಧಾನ ಮಾಡಬಹುದು.

ಹೊಳೆಬದಿ, ಮೂಲ್ಕಿ

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಭಾವನೂ ಓದಿ, “ಹೌದು ಮಾರಾಯ, ಒಬ್ಬರು ಕೇಳಿಯೂ ಇದ್ದಾರೆ” ಎಂದರು. ಹಾಗಾದರೆ ಹಲಗೆ ಬೇಡವಾ? ತೆಪ್ಪ ಎಂದರೆ?

ಕಡಲಾಚೆ, ನ್ಯೂಜೆರ್ಸಿ

ನಾನು ಇಲ್ಲಿ ಆರು ಬೇಸಿಗೆಯಿಂದ ಈ ಬೋರ್ಡ್ ನಡೆಸುತ್ತಿದ್ದೇನೆ. ಭಾಷಾಶಾಸ್ತ್ರ ಗೊತ್ತಿಲ್ಲ. ಆದರೆ ಇದು ಹಲಗೆಯೋ ದೋಣಿಯೋ ಎಂಬ ಜಗಳ ನಮ್ಮ ಗುಂಪಿನಲ್ಲೇ ಶುರುವಾದದ್ದಲ್ಲ.

2008ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇದನ್ನು ನೌಕೆ ಎಂದೇ ತೀರ್ಮಾನಿಸಿತು. ಅಲೆಯಾಡುವ ಜಾಗ, ಈಜುವ ಜಾಗ ಬಿಟ್ಟು ಆಚೆ ಹೋದರೆ ಲೈಫ್ ಜಾಕೆಟ್ ಜೊತೆಗಿರಲೇಬೇಕು, ದೋಣಿಯಲ್ಲಿ ಇರುವ ಹಾಗೆ. ಇನ್ನೊಂದು ಕಡೆ, ಒಲಿಂಪಿಕ್ಸ್ ಮಟ್ಟದಲ್ಲಿ ಇದು ಯಾರ ಕ್ರೀಡೆ ಎಂದು ಸರ್ಫಿಂಗ್ (ಅಲೆ ಮೇಲೆ ಹಲಗೆ ಸವಾರಿ) ಸಂಸ್ಥೆಗೂ ಕನೂ (ಕಿರುದೋಣಿ) ಸಂಸ್ಥೆಗೂ ಜಗಳ ಹತ್ತಿ ಲೋಸಾನ್‌ನ ಕ್ರೀಡಾ ನ್ಯಾಯಮಂಡಳಿವರೆಗೆ ಹೋಯಿತು. 2020ರಲ್ಲಿ ತೀರ್ಪು ಸರ್ಫಿಂಗಿನವರ ಕಡೆಗೆ ಬಂತು. ಅಂದರೆ ಕೋಸ್ಟ್ ಗಾರ್ಡಿಗೆ ದೋಣಿ, ಒಲಿಂಪಿಕ್ಸಿಗೆ ಹಲಗೆ. ಹವಾಯಿಯವರು ಮಾತ್ರ ತಲೆ ಕೆಡಿಸಿಕೊಂಡಿಲ್ಲ. ಅವರ ಹೆಸರಿನಲ್ಲಿ ಹುಟ್ಟೂ ಇದೆ, ಅಲೆಯೂ ಇದೆ: ‘ಹೊಯೆ ಹೆಯೆ ನಾಲು’.

‘ಸರ್ವತೋಮುಖ’ ನನಗೂ ಬೇಡ. ಕಾರಣ ಬೇರೆ. ಆ ಪದ ಕೇಳಿದರೆ ಎಲ್ಲದರಲ್ಲೂ ನಿಪುಣ ಎಂದಾಗುತ್ತದೆ. ಆಲ್‌ರೌಂಡ್ ಬೋರ್ಡ್ ಹಾಗಲ್ಲ. ವೇಗ ಬೇಕೆಂದರೆ ಹದಿನಾಲ್ಕು ಅಡಿಯ ರೇಸ್ ಬೋರ್ಡ್ ಇದೆ. ದೂರ ಹೋಗಬೇಕೆಂದರೆ ಚೂಪು ಮೂತಿಯ ಹನ್ನೆರಡೂವರೆ ಅಡಿಯ ಟೂರಿಂಗ್ ಇದೆ. ದೊಡ್ಡ ಅಲೆಗೆ ಗಿಡ್ಡದ್ದು ಬೇರೆ. ಇದು ಯಾವುದರಲ್ಲೂ ಮೊದಲಲ್ಲ, ಯಾವುದಕ್ಕೂ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಮನೆಗೆ ಒಂದೇ ಬೋರ್ಡ್ ಎಂದಾದರೆ ಇದು. ಅದಕ್ಕೇ ಜಾಸ್ತಿ ಮಾರಾಟವಾಗುವುದೂ ಇದೇ.

ಹಳೇ ಮಾದರಿ ಬಗ್ಗೆ ಒಂದು ಮಾತು. ಇದು ಪದಚರ್ಚೆ ಅಲ್ಲ, ಆದರೂ ಹೇಳುತ್ತೇನೆ. ಬಣ್ಣ ಬದಲಾಯಿತು ಎಂದು ನಿಂತ ಮಾದರಿ ಬೇರೆ, ಇಡೀ ವಿನ್ಯಾಸವೇ ನಿಂತದ್ದು ಬೇರೆ. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಹಳೇ ಮಾದರಿ ತಂದೆ. ಅದರ ಅಡಿಯಲ್ಲಿ ಫಿನ್ (ದಿಕ್ಕು ಹಿಡಿಯುವ ರೆಕ್ಕೆ) ಕೂರುವ ಗೂಡು ಆ ಕಂಪನಿಯದ್ದೇ ಒಂದು ವಿಚಿತ್ರ ಅಳತೆ. ಎರಡನೇ ವಾರ ಕಲ್ಲಿಗೆ ತಾಗಿ ಫಿನ್ ಮುರಿಯಿತು. ಬೇರೆ ಫಿನ್ ಎಲ್ಲೂ ಸಿಗಲಿಲ್ಲ. ಫಿನ್ ಇಲ್ಲದಿದ್ದರೆ ಬೋರ್ಡ್ ನೇರ ಹೋಗುವುದಿಲ್ಲ, ಒಂದೊಂದು ಹುಟ್ಟಿಗೂ ಮೂತಿ ತಿರುಗುತ್ತದೆ. ಎಲ್ಲರೂ ಬಳಸುವ ಯುಎಸ್ ಬಾಕ್ಸ್ ಎಂಬ ಗೂಡು ಇದ್ದರೆ ಈ ತಲೆನೋವಿಲ್ಲ. ಗಾಳಿ ತುಂಬುವ ಬೋರ್ಡಾದರೆ ವಾಲ್ವನ್ನೂ ನೋಡಬೇಕು. ಗೋದಾಮಿನ ಶೆಕೆಯಲ್ಲಿ ವರ್ಷಗಟ್ಟಲೆ ಮಡಿಚಿಟ್ಟಿದ್ದರೆ ಅಂಚಿನ ಅಂಟು ಬಿಟ್ಟಿರಬಹುದು. 15 ಪಿಎಸ್‌ಐ ಒತ್ತಡಕ್ಕೆ ಗಾಳಿ ಹಾಕಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಲಿ. ನಿಮ್ಮ ಭಾವ ಇದನ್ನು ಮಾಡಿದ್ದರೆ ಅದನ್ನೇ ಫ್ಲೆಕ್ಸಿನಲ್ಲಿ ಬರೆಸಿ. ಯಾವ ಪದಕ್ಕಿಂತಲೂ ಅದಕ್ಕೆ ಗಿರಾಕಿ ಬರುತ್ತಾರೆ.

ಅಚ್ಚಗನ್ನಡಿಗ

ಇಷ್ಟುದ್ದ ಬರಹದಲ್ಲಿ ಫಿನ್, ಬಾಕ್ಸ್, ವಾಲ್ವ್, ಟೂರಿಂಗ್. ಕನ್ನಡದ ಗುಂಪಿನಲ್ಲಿ ಇದ್ದೇನೋ ಎಂದು ಎರಡು ಸಲ ನೋಡಿಕೊಂಡೆ. ಫಿನ್‌ಗೆ ‘ಈಜುರೆಕ್ಕೆ’ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ.

ಕಡಲಾಚೆ, ನ್ಯೂಜೆರ್ಸಿ

ಮೀನಿನದ್ದು ಈಜುರೆಕ್ಕೆ ಸಾರ್. ಬೋರ್ಡ್ ಈಜುವುದಿಲ್ಲ, ತೇಲುತ್ತದೆ.

ಮೇಷ್ಟ್ರು, ಬನಶಂಕರಿ

ತೆಪ್ಪ ಎಂದವರಿಗೆ: ತೆಪ್ಪ ದೇವರಿಗೆ. ಉತ್ಸವ ಮೂರ್ತಿ ಇಲ್ಲದೆ ಒಬ್ಬ ಚಡ್ಡಿ ಹಾಕಿಕೊಂಡು ನಿಂತರೆ ಅದು ತೆಪ್ಪೋತ್ಸವ ಅಲ್ಲ.

ಕುಂದಾಪ್ರದವ

ಎಂತ ಮೇಷ್ಟ್ರೇ, ದೇವರಿಗೆ ಮೊದಲು ಅಂಬಿಗರು ತೆಪ್ಪ ಕಟ್ಟಲಿಲ್ಲವಾ? ಹಂಪಿಯಲ್ಲಿ ಹೊಳೆ ದಾಟಿಸುವುದಕ್ಕೂ ಅದನ್ನು ಬಳಸುತ್ತಾ ಬಂದಿದ್ದಾರೆ. ಆದರೆ ಈ ಬೋರ್ಡಿಗೆ ತೆಪ್ಪ ಹೊಂದುವುದಿಲ್ಲ, ಒಪ್ಪುತ್ತೇನೆ. ತೆಪ್ಪದಲ್ಲಿ ಕೂರುತ್ತೇವೆ.

ಪರಭಾಷೆ ಪದ ಬಂದರೆ ಏನು ಮುಳುಗಿ ಹೋಗುತ್ತದೆ ಅಂತ ನನಗೆ ಅರ್ಥ ಆಗಿಲ್ಲ. ನಮ್ಮ ಮೀನುಗಾರರ ಬಾಯಲ್ಲಿ ಲಂಗರು ಇದೆ, ಬಂದರು ಇದೆ, ಎರಡೂ ಪಾರಸಿ. ಬೋಟು, ಇಂಜಿನು, ಟ್ರಾಲರು ಇಂಗ್ಲಿಷು. ಮಲ್ಪೆಯಲ್ಲಿ ನಿಂತು ‘ಯಾಂತ್ರಿಕ ದೋಣಿ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಕಡಲಲ್ಲಿ ಪದಕ್ಕೆ ಪಾಸ್‌ಪೋರ್ಟ್ ಕೇಳುವವರಿಲ್ಲ. ತಮಿಳಿನ ಕಟ್ಟುಮರ ಇಂಗ್ಲಿಷಿಗೆ ಹೋಗಿ ಕಟಮರಾನ್ ಆಗಿ ಲೋಕ ಸುತ್ತಿ ಬಂತು. ತಮಿಳರು ವಾಪಸ್ ಕೇಳಿದರಾ?

ಅಚ್ಚಗನ್ನಡಿಗ

ಅವರು ಕೊಟ್ಟರು. ನಾವು ಬರೀ ತಗೊಳ್ಳುತ್ತೇವೆ. ಆ ವ್ಯತ್ಯಾಸ ನಿಮಗೆ ಕಾಣುವುದಿಲ್ಲ. ಇವತ್ತು ಬೋರ್ಡ್, ನಾಳೆ ಹೊಳೆಗೂ ರಿವರ್ ಎನ್ನುತ್ತೀರಿ. ಈ ವಿಷಯದಲ್ಲಿ ಇದೇ ನನ್ನ ಕೊನೆ ಮಾತು.

ಮೇಷ್ಟ್ರು, ಬನಶಂಕರಿ

ಕೊನೆ ಮಾತು ಎಂದು ಅವರು ಈ ತಿಂಗಳಲ್ಲಿ ಹೇಳಿದ್ದು ಇದು ನಾಲ್ಕನೇ ಸಲ.

ಹೊಳೆಬದಿ, ಮೂಲ್ಕಿ (ಗುರುವಾರ ಬೆಳಿಗ್ಗೆ)

ದೊಡ್ಡವರೆಲ್ಲ ಕ್ಷಮಿಸಿ. ಸಂಜೆ ಐದಕ್ಕೆ ಫೈಲ್ ಕಳಿಸಬೇಕು. ‘ನಿಂತು ಹುಟ್ಟು ಹಾಕುವ’ ಎಂಬುದಕ್ಕೆ ಯಾರದ್ದೂ ತಕರಾರಿಲ್ಲ ಎಂದುಕೊಂಡಿದ್ದೇನೆ. ಹಲಗೆ ಕೈಬಿಟ್ಟು ಬೋರ್ಡ್ ಇಟ್ಟುಕೊಳ್ಳುತ್ತೇನೆ. 2024ರ ಮಾರ್ಚಿನಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಅಂತಾರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ಆಯಿತಲ್ಲ, ಆಗಿನಿಂದ ಇಲ್ಲಿನ ಹುಡುಗರು ‘ಬೋರ್ಡ್’ ಎಂದಷ್ಟೇ ಹೇಳುತ್ತಾರೆ.

ಉಳಿದದ್ದು ಹಳೇ ಮಾದರಿ. ‘ಕೈಬಿಟ್ಟ ಮಾದರಿ’ ಎಂದರೆ ಅನಾಥ ಮಗುವಿನ ಹಾಗೆ ಕೇಳಿಸುತ್ತದೆ. ‘ಸ್ಥಗಿತ ಮಾದರಿ’ ಎಂದರೆ ಕೆಟ್ಟು ನಿಂತದ್ದು ಅನ್ನಿಸುತ್ತದೆ.

ಇನ್ನೊಂದು: ಲೀಶ್. ಬೋರ್ಡ್ ತಪ್ಪಿಸಿಕೊಂಡು ಹೋಗದಂತೆ ಮೈಗೆ ಕಟ್ಟಿಕೊಳ್ಳುವ ಹಗ್ಗ. ‘ಕಾಲುಹಗ್ಗ’ ಎಂದು ಬರೆದಿದ್ದೇನೆ. ಸರಿಯಾ?

ಕಡಲಾಚೆ, ನ್ಯೂಜೆರ್ಸಿ

ಕಾಲುಹಗ್ಗ ಬೇಡ, ದಯವಿಟ್ಟು ಬೇಡ. ಅಲೆಯಲ್ಲಿ ಕಾಲಿಗೆ ಕಟ್ಟುವುದು ಸರಿ. ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟಿದರೆ ಹಗ್ಗ ಬೇರಿಗೋ ಕಂಬಕ್ಕೋ ಸಿಕ್ಕಿಹಾಕಿಕೊಂಡಾಗ ಸೆಳೆತಕ್ಕೆ ಬಗ್ಗಿ ಬಿಚ್ಚಲು ಆಗುವುದಿಲ್ಲ. ಹೊಳೆಯಲ್ಲಿ ಸೊಂಟದ ಪಟ್ಟಿಗೆ ಕಟ್ಟಬೇಕು, ಒಂದೇ ಎಳೆತಕ್ಕೆ ಕಳಚಿಕೊಳ್ಳುವ ಹಾಗೆ ಇರಬೇಕು. ನೀವು ಹೆಸರಲ್ಲೇ ಕಾಲು ಎಂದು ಬರೆದರೆ ಜನ ಕಾಲಿಗೇ ಕಟ್ಟುತ್ತಾರೆ.

ಕುಂದಾಪ್ರದವ

ದನಕ್ಕೆ ಕಟ್ಟುವುದಕ್ಕೆ ಕಣ್ಣಿ ಅನ್ನುತ್ತೇವೆ. ‘ಬೋರ್ಡಿನ ಕಣ್ಣಿ’ ಅನ್ನಿ. ಕಾಲೂ ಇಲ್ಲ, ಸೊಂಟವೂ ಇಲ್ಲ.

ಅಚ್ಚಗನ್ನಡಿಗ

ಕಣ್ಣಿ ಒಳ್ಳೆಯ ಪದ. ಕುಂದಾಪ್ರದವರಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಗುಂಪಿನ ನಿರ್ವಾಹಕರು

ಹಳೇ ಮಾದರಿಗೆ ನನ್ನದೊಂದು ಸಲಹೆ. ನಮ್ಮ ಬೀದಿಯ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಜಾರ್ ಕೇಳಿದರೆ, “ಈ ಮಾಡೆಲ್ ಈಗ ಬರಲ್ಲ ಮೇಡಂ” ಎನ್ನುತ್ತಾರೆ. ‘ಬರಲ್ಲ’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ನಿಲ್ಲುವುದು, ನಿಲ್ಲಿಸುವುದು ಯಾವುದೂ ಬೇಡ. ‘ಈಗ ಬರದ ಹಳೇ ಮಾಡೆಲ್‌ಗಳು, ಕಡಿಮೆ ಬೆಲೆಗೆ’ ಎಂದು ಬರೆಯಿರಿ.

ಪಾರಸಿ, ಪಾಸ್‌ಪೋರ್ಟ್ ವಿಷಯ ಮುಂದುವರಿಸುವವರು ಬೇರೆ ಎಳೆ ಶುರು ಮಾಡಬೇಕು.

ಹೊಳೆಬದಿ, ಮೂಲ್ಕಿ (ಶನಿವಾರ)

ಫ್ಲೆಕ್ಸ್ ಬಂತು. ಕಟ್ಟಿಯೂ ಆಯಿತು. ಹೀಗಿದೆ:

‘ನಿಂತು ಹುಟ್ಟುಹಾಕುವ ಬೋರ್ಡ್. ಹೊಳೆಗೂ ಸಣ್ಣ ಅಲೆಗೂ ಒಂದೇ. ಈಗ ಬರದ ಹಳೇ ಮಾಡೆಲ್‌ಗಳು ಕಡಿಮೆ ಬೆಲೆಗೆ. ಗಾಳಿ ಹಾಕಿ ಒಂದು ರಾತ್ರಿ ಇಟ್ಟು ಪರೀಕ್ಷಿಸಿದ್ದು. ಬೇರೆ ಕಂಪನಿಯ ಫಿನ್ ಕೂಡ ಹಿಡಿಯುತ್ತದೆ.’

ಕಣ್ಣಿಯನ್ನು ಫ್ಲೆಕ್ಸಿನಲ್ಲಿ ಹಾಕಲು ಜಾಗ ಸಿಗಲಿಲ್ಲ. ಭಾವ ಅದನ್ನು ಬಾಯಲ್ಲೇ ಹೇಳುತ್ತಿದ್ದಾರೆ, “ಕಣ್ಣಿ ಸೊಂಟಕ್ಕೆ ಕಟ್ಟಿ” ಎಂದು. ನಿನ್ನೆ ಮೂರು ಜನ ಬಂದಿದ್ದರು. ತುಳಿಯೋದು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಮೇಷ್ಟ್ರು, ಬನಶಂಕರಿ

‘ಹುಟ್ಟು ಹಾಕುವ’ ಬಿಡಿಸಿ ಬರೆಯಬೇಕಿತ್ತು. ಕೂಡಿಸಿ ಬರೆದರೆ ಸಂಘ, ಪತ್ರಿಕೆ ಹುಟ್ಟುಹಾಕುವುದು ಎಂದಾಗುತ್ತದೆ. ನಿಮ್ಮ ಬೋರ್ಡ್ ಏನನ್ನು ಹುಟ್ಟುಹಾಕುತ್ತದೆ?

ಕುಂದಾಪ್ರದವ

ಮೂರು ದಿನದಿಂದ ನಮ್ಮಲ್ಲಿ ಜಗಳ ಹುಟ್ಟುಹಾಕಿತಲ್ಲ ಮೇಷ್ಟ್ರೇ.

ಅಚ್ಚಗನ್ನಡಿಗ

ಫಿನ್ ಎಂದೇ ಬರೆಸಿದ್ದೀರಿ. ಇರಲಿ.